ಜಾರುಬಂಡೆ ಕಟ್ಟಲು ಉಗಾಂಡಾಕ್ಕೆ ಹೋಗಬೇಕೇ?

ಪ್ರಶ್ನೆ: ನನ್ನ ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬರುವ ರಜೆಯಲ್ಲಿ ಸ್ವಯಂಸೇವಕಿಯಾಗಿ ಉಗಾಂಡಾಕ್ಕೆ ಹೋಗುತ್ತಾಳಂತೆ. ಅಲ್ಲಿ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ಜೋಕಾಲಿ, ಜಾರುಬಂಡೆ ಕಟ್ಟಿಕೊಡುವ ಕೆಲಸ. ವಿಮಾನದ ಟಿಕೆಟ್ಟಿನಿಂದ ಹಿಡಿದು ಎಲ್ಲ ಖರ್ಚಿಗೂ ಅವಳೇ ಚಂದಾ ಎತ್ತಬೇಕು. ಆಫ್ರಿಕಾದಲ್ಲಿ ವೆಲ್ಡಿಂಗ್ ಮಾಡುವವರು ಇಲ್ಲವೇ? ಇದರಿಂದ ಆ ಮಕ್ಕಳಿಗೆ ಉಪಯೋಗ ಉಂಟೇ? ನಮ್ಮೂರ ಶಾಲೆಗೇ ಏನಾದರೂ ಮಾಡಬಹುದಲ್ಲ ಅಂದರೆ, 'ಏನು ಮಾಡಬೇಕು ನೀವೇ ಹೇಳಿ ಕಾಕಾ' ಎನ್ನುತ್ತಾಳೆ. ಏನು ಹೇಳಲಿ?
— ಓದುಗರೊಬ್ಬರು, ಬಿಣಗಾ

ಉತ್ತರ: ವೆಲ್ಡಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಪೂರ್ವ ಆಫ್ರಿಕಾದ ಯಾವ ಪೇಟೆಗೆ ಹೋದರೂ ರಸ್ತೆ ಬದಿಯಲ್ಲಿ ಗೇಟು, ಮಂಚ, ಕಿಟಕಿಯ ಸರಳು ಬೆಸೆಯುವವರು ಸಿಗುತ್ತಾರೆ. ಕೀನ್ಯಾದಲ್ಲಿ ಹೀಗೆ ಬಿಸಿಲಲ್ಲೇ ಕೂತು ಕಬ್ಬಿಣ, ತಗಡು ಬಡಿಯುವವರಿಗೆ 'ಜುವಾ ಕಾಲಿ' ಎಂಬ ಹೆಸರೇ ಇದೆ, ಲಕ್ಷಾಂತರ ಜನರ ಹೊಟ್ಟೆಪಾಡು ಅದು. ನಿಮ್ಮ ಅಣ್ಣನ ಮಗಳು ಎಷ್ಟೇ ಜಾಣೆಯಾದರೂ ಅವರಲ್ಲಿ ಒಬ್ಬ ಸಾಧಾರಣ ಕೆಲಸಗಾರ ಅರ್ಧ ದಿನದಲ್ಲಿ ಮುಗಿಸುವ ಬೆಸುಗೆ ಅವಳಿಗೆ ಒಂದು ವಾರವಾದರೂ ಕೂಡಿಬರಲಿಕ್ಕಿಲ್ಲ. ಕೂಡಿಬಂದರೂ ಅದರ ಮೇಲೆ ಮಕ್ಕಳನ್ನು ಹತ್ತಿಸಲು ನನಗೆ ಧೈರ್ಯ ಸಾಲದು.

ಇದು ಇಂಥ ಸ್ವಯಂಸೇವಕರನ್ನು ಕರೆದೊಯ್ಯುವ ಸಂಘಟನೆಗಳಿಗೆ ಗೊತ್ತಿಲ್ಲದ್ದೇನಲ್ಲ. ಬ್ರಿಟನ್ನಿನ ವಿದ್ಯಾರ್ಥಿಗಳು 2009ರಲ್ಲಿ ಶುರುಮಾಡಿದ ಈಸ್ಟ್ ಆಫ್ರಿಕನ್ ಪ್ಲೇಗ್ರೌಂಡ್ಸ್ ಎಂಬ ಸಂಸ್ಥೆ ಉಗಾಂಡಾದ ಜಿಂಜಾ ಊರನ್ನು ನೆಲೆ ಮಾಡಿಕೊಂಡಿತು. ನೈಲ್ ನದಿ ವಿಕ್ಟೋರಿಯಾ ಸರೋವರ ಬಿಟ್ಟು ಹೊರಡುವ ಜಾಗ ಅದು. ಇವತ್ತು ಪ್ಲೇ ಆ್ಯಕ್ಷನ್ ಇಂಟರ್‌ನ್ಯಾಷನಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿ ಕಬ್ಬಿಣದ ಕೆಲಸ ಮಾಡುವವರು ಉಗಾಂಡಾದವರೇ, ಸಂಬಳದ ಕೆಲಸಗಾರರು. ಬೇಸಿಗೆ ರಜೆಗೆ ಬರುವ ವಿದ್ಯಾರ್ಥಿಗಳು ಗುಂಡಿ ತೋಡುತ್ತಾರೆ, ಕಾಂಕ್ರೀಟು ಕಲಸುತ್ತಾರೆ, ಬಣ್ಣ ಬಳಿಯುತ್ತಾರೆ, ಮಕ್ಕಳ ಜತೆ ಆಡುತ್ತಾರೆ. ಕಬ್ಬಿಣಕ್ಕೆ ಬೇಕಾದ ದುಡ್ಡು ಮಾತ್ರ ಅವರು ಎತ್ತಿದ ಚಂದಾದಿಂದ ಬರುತ್ತದೆ. ಅಂದರೆ ಅವಳಿಂದ ಅವರಿಗೆ ಮುಖ್ಯವಾಗಿ ಬೇಕಾದದ್ದು ಚಂದಾ. 'ಹಾಗಿದ್ದರೆ ಟಿಕೆಟ್ಟಿನ ದುಡ್ಡನ್ನೂ ಅಲ್ಲಿಗೇ ಕಳಿಸಬಹುದಲ್ಲ' ಎಂದು ನೀವು ಕೇಳುತ್ತೀರಿ. ಲೆಕ್ಕ ಸರಿಯೇ. ಆದರೆ ಟಿಕೆಟ್ಟು ಇಲ್ಲದಿದ್ದರೆ ಆ ದುಡ್ಡು ಹುಟ್ಟುವುದೇ ಇಲ್ಲ. 'ನಾನು ಹೋಗುತ್ತೇನೆ' ಎಂದವಳಿಗೆ ಗೆಳತಿಯರು, ನೆಂಟರು ಕೊಡುತ್ತಾರೆ. 'ಯಾವನೋ ವೆಲ್ಡರನಿಗೆ ಕಳಿಸುತ್ತೇನೆ' ಎಂದರೆ ಕೊಡುವವರು ಕಡಿಮೆ. ಹಾಗಾಗಿ ಹೋಗುವುದನ್ನು ನಾನು ಹಳಿಯುವುದಿಲ್ಲ. ನನ್ನ ಅನುಮಾನ ಇರುವುದು ಕಟ್ಟಿದ ಮೇಲಿನ ಕಾಲದ ಬಗ್ಗೆ.

ಆಫ್ರಿಕಾದ ಮಕ್ಕಳ ಆಟದ ಹೆಸರಿನಲ್ಲಿ ನಡೆದ ಅತಿ ದೊಡ್ಡ ಕತೆ 'ಪ್ಲೇಪಂಪ್'ನದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದ ರಾನಿ ಸ್ಟುಯ್ವರ್ ಎಂಬಾತ, ಮಕ್ಕಳು ಹಿಡಿದು ತಿರುಗುವ ಗಿರಗಿಟ್ಟಲೆಯ ಅಡಿಗೆ ಪಂಪು ಜೋಡಿಸಿದ. ಮಕ್ಕಳು ತಿರುಗಿಸಿದಂತೆಲ್ಲ ನೆಲದ ನೀರು ಎತ್ತರದ ಟ್ಯಾಂಕಿಗೆ ಏರಬೇಕು. ಟ್ಯಾಂಕಿನ ಅಳತೆ 2500 ಲೀಟರ್, ನಾಲ್ಕೂ ಬದಿಗೆ ಫಲಕ, ಎರಡರಲ್ಲಿ ಆರೋಗ್ಯದ ಮಾತು, ಎರಡರಲ್ಲಿ ಜಾಹೀರಾತು. ಆ ಜಾಹೀರಾತಿನ ಹಣದಲ್ಲೇ ರಿಪೇರಿ ನಡೆಯಬೇಕೆಂಬುದು ಲೆಕ್ಕಾಚಾರ. 1989ರಲ್ಲಿ ಒಂದು ಕೃಷಿ ಮೇಳದಲ್ಲಿ ಇದನ್ನು ಕಂಡ ಟ್ರೆವರ್ ಫೀಲ್ಡ್ ಎಂಬ ಜಾಹೀರಾತು ವ್ಯಾಪಾರಿ ಹಕ್ಕು ಕೊಂಡು ಪ್ರಚಾರಕ್ಕಿಳಿದ. 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ನ್ಯೂಯಾರ್ಕಿನಲ್ಲಿ ಬಿಲ್ ಕ್ಲಿಂಟನ್ ಅವರ ವೇದಿಕೆಯಿಂದ ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ 1.64 ಕೋಟಿ ಡಾಲರಿನ ಯೋಜನೆ ಘೋಷಿಸಿದರು. 2010ರೊಳಗೆ ಹತ್ತು ದೇಶಗಳಲ್ಲಿ 4000 ಪಂಪು ಕೂರಿಸುವ ಗುರಿ. ಆಟವೂ ಆಯಿತು, ನೀರೂ ಬಂತು, ಯಾರಿಗೆ ಬೇಡ?

ಒಂದು ಗುಣಾಕಾರ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಒಂದು ಪಂಪಿನಿಂದ 2500 ಜನರಿಗೆ ನೀರು ಎಂದು ಹೇಳುತ್ತಿದ್ದರು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದರೆ 37,500 ಲೀಟರ್. ಮಕ್ಕಳು ಚೆನ್ನಾಗಿ ತಿರುಗಿಸಿದರೆ ಗಂಟೆಗೆ 1400 ಲೀಟರ್ ಏರುತ್ತದೆ ಎಂಬುದು ಕಂಪನಿಯದೇ ಮಾತು. ಭಾಗಿಸಿ ನೋಡಿ: ಹತ್ತಿರ ಹತ್ತಿರ 27 ಗಂಟೆ. ದಿನಕ್ಕೆ 27 ಗಂಟೆ ಆಡುವ ಮಕ್ಕಳು ಎಲ್ಲಿದ್ದಾರೆ? 2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಈ ಲೆಕ್ಕವನ್ನು ಮುಂದಿಟ್ಟಿತು. ಅಷ್ಟರಲ್ಲಿ ಊರುಗಳಿಂದಲೂ ಸುದ್ದಿ ಬರುತ್ತಿತ್ತು. ಗಿರಗಿಟ್ಟಲೆಯ ಮೋಜೆಲ್ಲ ಒಮ್ಮೆ ತಳ್ಳಿ ಬಿಟ್ಟ ಮೇಲೆ ಅದು ತಾನೇ ತಿರುಗುವುದರಲ್ಲಿದೆ. ಪಂಪಿನ ಭಾರ ಹೊತ್ತದ್ದು ಬಿಟ್ಟ ಕೂಡಲೇ ನಿಲ್ಲುತ್ತದೆ. ಮಕ್ಕಳಿಗೆ ಬೇಗ ಬೇಸರ ಬಂತು. ಆಮೇಲೆ ಬಿಂದಿಗೆ ತಂದ ಹೆಂಗಸರು, ಮುದುಕಿಯರು ಸೊಂಟ ಬಗ್ಗಿಸಿ ಆ ಬಣ್ಣದ ಚಕ್ರವನ್ನು ಸುತ್ತಬೇಕಾಯಿತು. ಮೊದಲಿದ್ದ ಕೈಪಂಪನ್ನು ಕಿತ್ತು ಇದನ್ನು ಕೂರಿಸಿದ ಕಡೆಯಂತೂ ಬೇರೆ ದಾರಿಯಿರಲಿಲ್ಲ. ಕೆಟ್ಟರೆ ಊರಿನ ಮೆಕ್ಯಾನಿಕ್ಕಿಗೆ ಬಿಚ್ಚಲು ಬಾರದು, ಬಿಡಿಭಾಗ ಪೇಟೆಯಲ್ಲಿ ಸಿಗದು. ಕುಗ್ರಾಮದ ಟ್ಯಾಂಕಿನ ಮೇಲೆ ಜಾಹೀರಾತು ಹಾಕಲು ಯಾವ ಕಂಪನಿಯೂ ಬರಲಿಲ್ಲ, ಹಾಗಾಗಿ ರಿಪೇರಿಯ ಹಣವೂ ಇಲ್ಲ. 2010ರ ಹೊತ್ತಿಗೆ ಅಮೆರಿಕದ ದಾನಿಗಳೇ ಕೈಬಿಟ್ಟರು.

ಇದರಿಂದ ಆಟದ ಸಾಮಾನು ಕೆಟ್ಟದ್ದು ಎಂದು ತಿಳಿಯಬೇಡಿ. ಘಾನಾದಲ್ಲಿ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬೆನ್ ಮಾರ್ಕಮ್ ಎಂಬ ನಿವೃತ್ತ ಎಂಜಿನಿಯರು ಗಿರಗಿಟ್ಟಲೆಗೆ ಸಣ್ಣ ಜನರೇಟರು ಜೋಡಿಸಿ ಎಲ್‌ಇಡಿ ಲಾಂದ್ರಗಳ ಬ್ಯಾಟರಿ ತುಂಬಿಸುವ ಏರ್ಪಾಡು ಮಾಡಿದರು, ವಿದ್ಯುತ್ತಿಲ್ಲದ ಹಳ್ಳಿಯ ಮಕ್ಕಳು ಅದನ್ನು ಮನೆಗೆ ಒಯ್ದು ಓದಿಕೊಂಡರು. ಲಾಂದ್ರಕ್ಕೆ ಬೇಕಾದ ಶಕ್ತಿ ಅತ್ಯಲ್ಪ, ಅದು ಆಟದಿಂದ ಪುಕ್ಕಟೆ ಸಿಗುತ್ತದೆ. ಊರಿಡೀ ಕುಡಿಯುವ ನೀರನ್ನು ಮಕ್ಕಳ ಆಟದಿಂದ ವಸೂಲು ಮಾಡಹೊರಟರೆ ಅದಕ್ಕೆ ಆಟ ಎನ್ನಲಾಗದು, ಕೂಲಿ ಎನ್ನಬೇಕು.

ಇನ್ನು ಆಫ್ರಿಕಾ ಎಂದರೆ 'ಅಷ್ಟು ದೂರ' ಎಂದು ನಿಮಗೆ ಅನಿಸಬಹುದು, ಅದರ ಬಗ್ಗೆ ಒಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇರಬಹುದು, ಸಾಲಿಗೆ ಏಳರಂತೆ ಎರಡು ಸಾಲು ಗುಳಿ, ಹುಣಸೆ ಬೀಜವೋ ಕವಡೆಯೋ ತುಂಬಿ ಹಂಚುತ್ತ ಹೋಗುವ ಆಟ. ಇದರ ಒಡಹುಟ್ಟುಗಳು ಆಫ್ರಿಕಾದ ತುಂಬ ಇವೆ. ಘಾನಾದ ಒವಾರೆಯಲ್ಲಿ ಸಾಲಿಗೆ ಆರು ಗುಳಿ, ಉಗಾಂಡಾದ ಒಮ್ವೇಸೋದಲ್ಲಿ ಎಂಟೆಂಟರ ನಾಲ್ಕು ಸಾಲು. ಅಲ್ಲಿನ ಮಕ್ಕಳು ತಂತಿ ಬಗ್ಗಿಸಿ ಮಾಡುವ ಆಟದ ಕಾರುಗಳನ್ನಂತೂ ವಸ್ತುಸಂಗ್ರಹಾಲಯದವರೂ ಕೊಂಡು ಇಟ್ಟಿದ್ದಾರೆ. ಆಡಲು ಬಾರದ ಮಕ್ಕಳು ಅಲ್ಲಿ ಕಾಯುತ್ತ ಕೂತಿದ್ದಾರೆ ಎಂಬ ಕಲ್ಪನೆಯನ್ನು ನಿಮ್ಮ ಹುಡುಗಿ ಇಂಗ್ಲೆಂಡಿನಲ್ಲೇ ಬಿಟ್ಟು ಹೋಗಲಿ.

ಆಫ್ರಿಕಾದ ಮೂಲದವರು ನಿಮ್ಮ ಜಿಲ್ಲೆಯಲ್ಲೇ ನೂರಾರು ವರ್ಷಗಳಿಂದ ಇದ್ದಾರಲ್ಲ: ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಸಿದ್ದಿಗಳು. ಅವರು ಈಗ ನಮ್ಮಂತೆ ಇಲ್ಲಿಯವರೇ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಮಕ್ಕಳ ಆಟದ ವಿಷಯದಲ್ಲೂ ಹೊರಗಿನ ಉತ್ಸಾಹ ಒಮ್ಮೆ ಬಂದು ಹೋಗಿದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ಹಾಸ್ಟೆಲಿನಲ್ಲಿಟ್ಟು ಓಟ, ನೆಗೆತ ಕಲಿಸಿದರು. ಆಫ್ರಿಕಾದ ರಕ್ತ, ಹಾಗಾಗಿ ಒಲಿಂಪಿಕ್ ಪದಕ ಎಂಬ ಸುಲಭದ ಸೂತ್ರ. ಕಮಲಾ ಸಿದ್ದಿಯಂಥವರು ಹೆಸರನ್ನೂ ಮಾಡಿದರು. ಕೆಲವೇ ವರ್ಷಕ್ಕೆ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು, ಹಲವರು ಅಡಿಕೆ ತೋಟದ ಕೂಲಿಗೆ ಹೋದರು. ಪ್ಲೇಪಂಪಿನವರು ಬಿಳಿಯರು, ಪರದೇಶದವರು, ಅದಕ್ಕೇ ಹಾಗಾಯಿತು ಎಂದುಕೊಳ್ಳುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಸರಿ, ನಮ್ಮಲ್ಲಿ ಒಳ್ಳೆಯ ಮಾದರಿ ಇಲ್ಲವೇ? ಇದೆ. ಖರಗಪುರದ ಐಐಟಿಯಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಪೂಜಾ ರೈ, ಮಕ್ಕಳು ಚಪ್ಪಲಿಯನ್ನೇ ಬ್ಯಾಡ್ಮಿಂಟನ್ ಬ್ಯಾಟು ಮಾಡಿಕೊಂಡು ಆಡುವುದನ್ನು ಕಂಡು ಗೆಳೆಯರೊಂದಿಗೆ ಹಳೆಯ ಟಯರುಗಳಿಂದ ಆಟದ ಅಂಗಳ ಕಟ್ಟಿದರು. ಅದು ಬೆಳೆದು ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಆಯಿತು, ದೇಶದ ನಾನಾ ಕಡೆ ನೂರಾರು ಅಂಗಳ ಆಗಿವೆ. ಮೊದಲು ಮಕ್ಕಳನ್ನೇ ಕೂರಿಸಿ ಏನು ಬೇಕೆಂದು ಚಿತ್ರ ಬರೆಸುತ್ತಾರೆ, ಆಮೇಲೆ ಟಯರು ತೊಳೆದು ಬಣ್ಣ ಹಚ್ಚಲು ಸ್ವಯಂಸೇವಕರನ್ನು ಕರೆಯುತ್ತಾರೆ. ಅಂಗವಿಕಲ ಮಕ್ಕಳನ್ನೂ ಆಟಕ್ಕೆ ಸೇರಿಸುವ ವಿಚಾರದಲ್ಲಿ ಬೆಂಗಳೂರಿನ ಕಿಲಿಕಿಲಿ ಎಂಬ ಸಂಸ್ಥೆ ದಾರಿ ತೋರಿಸಿತು, ತಾಯಂದಿರು ಹೊತ್ತ ಕೆಲಸ ಅದು. ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಉದ್ಯಾನ ಮುಂತಾದ ಸಾರ್ವಜನಿಕ ಜಾಗಗಳಲ್ಲೇ ಪಾಲಿಕೆಯ ಜತೆ ಸೇರಿ ಮಾಡಿದರು. ಗಾಲಿಕುರ್ಚಿ ಹೋಗುವ ದಾರಿ, ಒರಗಿ ಕೂರುವ ಜೋಕಾಲಿ, ನಿಂತೇ ಕೈಯಾಡಿಸಬಹುದಾದ ಮರಳಿನ ತೊಟ್ಟಿ, ಇಷ್ಟೇ. ಖರ್ಚು ಬಹಳವಲ್ಲ, ಮೊದಲೇ ಯೋಚಿಸಿರಬೇಕು.

ಈಗ ಬಿಣಗಾಕ್ಕೆ ಬರೋಣ. ಟಯರಿಗೆ ನಿಮ್ಮಲ್ಲಿ ಬರವಿಲ್ಲ. ಹೆದ್ದಾರಿ 66 ಊರಿನ ಮಗ್ಗುಲಲ್ಲೇ ಇದೆ, ಬೈತಖೋಲದ ದಕ್ಕೆಯಲ್ಲಿ ಬೋಟು ಬೋಟಿಗೂ ಟಯರು ನೇತಾಡುತ್ತವೆ. ಮೀನುಗಾರರು ಬಿಸಾಡುವ ನೈಲಾನ್ ಹಗ್ಗ ಕೂಡ ಏಣಿ, ಬಲೆ ಹೆಣೆಯಲು ಒದಗುತ್ತದೆ, ಆದರೆ ಬಿಸಿಲಿಗೆ ಸುಕ್ಕಾಗಿ ನೂಲು ಏಳುತ್ತಿದ್ದರೆ ಬೇಡ. ಟಯರಿನಲ್ಲಿ ಎರಡು ಅಪಾಯ. ಅಂಚು ಸವೆದು ಒಳಗಿನ ಉಕ್ಕಿನ ತಂತಿ ಇಣುಕುತ್ತಿದ್ದರೆ ಅದು ಮಕ್ಕಳ ಕೈ ಸೀಳುತ್ತದೆ. ಎರಡನೆಯದು ನೀರು. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಟಯರೆಂದರೆ ಡೆಂಗಿ ಸೊಳ್ಳೆಗೆ ತೊಟ್ಟಿಲು. ಏಷ್ಯಾದ ಹುಲಿಸೊಳ್ಳೆ 1985ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಯೂರಿದ್ದೇ ಹಡಗಿನಲ್ಲಿ ಬಂದ ಹಳೆಯ ಟಯರುಗಳ ಜತೆಗೆ. ಆದ್ದರಿಂದ ಪ್ರತಿ ಟಯರಿನ ತಳಕ್ಕೂ ಡ್ರಿಲ್ಲಿನಿಂದ ನಾಲ್ಕಾರು ತೂತು ಹೊಡೆಯಲೇಬೇಕು, ನೆಲದಲ್ಲಿ ಅರ್ಧ ಹುಗಿದದ್ದಕ್ಕೆ ಮಣ್ಣು ತುಂಬಿ ಗಟ್ಟಿ ಮಾಡಬೇಕು.

ಕಬ್ಬಿಣದ ವಿಷಯದಲ್ಲಿ ಉಪ್ಪುಗಾಳಿ ನಿಮ್ಮ ಶತ್ರು. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಜೋಕಾಲಿಯ ಕಂಬ ಕಡಲ ಬದಿಯಲ್ಲಿ ಮೂರ್ನಾಲ್ಕು ಮಳೆಗಾಲಕ್ಕೇ ಸೋಲಬಹುದು. ತುಕ್ಕು ಎಲ್ಲಿ ಹಿಡಿಯುತ್ತದೆ ಗೊತ್ತೇ? ಕಣ್ಣಿಗೆ ಕಾಣುವ ನಡುಭಾಗದಲ್ಲಿ ಅಷ್ಟಾಗಿ ಅಲ್ಲ. ಪೈಪು ಕಾಂಕ್ರೀಟಿನೊಳಗೆ ಇಳಿಯುವ ಬಾಯಿಯಲ್ಲಿ ನೀರು, ಕಸ, ಎಲೆ ನಿಂತು, ಬಣ್ಣದ ಒಳಗಿನಿಂದಲೇ ಕಬ್ಬಿಣ ಹಪ್ಪಳದಂತೆ ಏಳುತ್ತ ಹೋಗುತ್ತದೆ. ಬೆರಳಿನಿಂದ ಒತ್ತಿದರೆ ಪದರ ಕಳಚುತ್ತದೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿರುವಾಗಲೇ ಒಂದು ದಿನ ಕಂಬ ಬುಡದಲ್ಲಿ ಮುರಿಯುತ್ತದೆ. ಜಿಐ ಪೈಪನ್ನೇ ಬಳಸಿ, ಬೆಸುಗೆ ಹಾಕಿದ ಕಡೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಅಲ್ಲಿಗೆ ಜಿಂಕ್ ಬಣ್ಣ ಹಚ್ಚಿಸಿ. ಬುಡದ ಕಾಂಕ್ರೀಟನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿ, ನೀರು ಹರಿದುಹೋಗುವಂತೆ ಸುತ್ತ ಇಳಿಜಾರು ಕೊಡಿ. ಇಷ್ಟು ಮಾಡಲು ಮೇಸ್ತ್ರಿಗೆ ಹೆಚ್ಚುವರಿ ಒಂದು ತಾಸು ಸಾಕು.

ಜೋಕಾಲಿಯಲ್ಲಿ ಇನ್ನೊಂದು ಗುಟ್ಟಿನ ಜಾಗ ಉಂಟು, ಸರಪಳಿ ನೇತಾಡುವ ಕೊಂಡಿ. ಅಲ್ಲಿ ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತದೆ, ಹಗಲಿಡೀ ಕಿರ್ ಕಿರ್ ಎಂದು ಸದ್ದು ಮಾಡುವುದು ಅದೇ. ಕೊಂಡಿ ಒಳಮೈಯಲ್ಲಿ ಸವೆದು ಪೆನ್ಸಿಲ್ಲಿನಷ್ಟು ತೆಳ್ಳಗಾಗಿದ್ದರೂ ಕೆಳಗೆ ನಿಂತು ನೋಡಿದವರಿಗೆ ತಿಳಿಯುವುದಿಲ್ಲ. ಏಣಿ ಹಾಕಿ ಹತ್ತಿಯೇ ನೋಡಬೇಕು. ಕಾಲು ಭಾಗ ಸವೆದಿದ್ದರೆ ಬದಲಿಸಿ.

ಅಳತೆಗಳಲ್ಲಿ ಹೆಚ್ಚಿನವರು ಎಡವುವುದು ಜಾಗದ ಲೆಕ್ಕದಲ್ಲಿ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ ಜೋಕಾಲಿಯ ಅಡ್ಡಪೈಪು ಎಷ್ಟು ಎತ್ತರವೋ ಅದರ ಇಮ್ಮಡಿ ಜಾಗ ಮುಂದೆ, ಇಮ್ಮಡಿ ಹಿಂದೆ ಖಾಲಿ ಇರಬೇಕು. ಏಳಡಿ ಎತ್ತರಕ್ಕೆ ಒಟ್ಟು 28 ಅಡಿ! ಕಾಂಪೌಂಡಿನ ಮೂಲೆಯಲ್ಲಿ ತುರುಕಿದ ಜೋಕಾಲಿ ಗೋಡೆಗೆ ತಲೆ ಬಡಿಸುವ ಏರ್ಪಾಡು. ಸರಳುಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಬೇಕು, ಇಲ್ಲವೇ ಒಂಬತ್ತು ಇಂಚಿಗಿಂತ ಹೆಚ್ಚು. ನಡುವಿನ ಅಳತೆಯಲ್ಲಿ ಮಗುವಿನ ಮೈ ತೂರಿ ತಲೆ ಸಿಕ್ಕಿಬೀಳುತ್ತದೆ. ಅಡಿಗೆ ಒಂಬತ್ತು ಇಂಚು ಹೊಯ್ಗೆ ಹಾಸಿದರೆ ನಾಲ್ಕು ಅಡಿಯಿಂದ ಬಿದ್ದರೂ ತಡೆದುಕೊಳ್ಳುತ್ತದೆ. ಸಿಮೆಂಟಿನ ನೆಲ ಮಾತ್ರ ಬೇಡವೇ ಬೇಡ, ಉದ್ಘಾಟನೆಯ ದಿನ ಅಂಗಳ ಚೊಕ್ಕ ಕಾಣಲೆಂದು ಅದನ್ನೇ ಮಾಡಿಸುವವರು ಬಹಳ. ಹೊಯ್ಗೆಯನ್ನು ಕಡಲ ದಂಡೆಯಿಂದ ತರಬೇಡಿ. ಕಾನೂನು ನಿಮ್ಮನ್ನು ಬಿಡುವುದಿಲ್ಲ, ಅದರ ಉಪ್ಪು ನಿಮ್ಮ ಪೈಪನ್ನು ಬಿಡುವುದಿಲ್ಲ.

ಜಾರುಬಂಡೆಗೆ ನಿಮ್ಮ ಊರಿನಲ್ಲಿ ಒಂದು ಅನುಕೂಲವಿದೆ, ಗುಡ್ಡ. ಶಾಲೆಯ ಹಿಂದೆ ಸ್ವಲ್ಪ ದಿಬ್ಬವಿದ್ದರೂ ಅದಕ್ಕೇ ಒರಗಿಸಿ ಚಿರೆಕಲ್ಲಿನಲ್ಲಿ ಕಟ್ಟಿ, ಮೇಲೆ ಮೊಸಾಯಿಕ್ ಉಜ್ಜಿಸಿ. ಏಣಿ ಬೇಡ, ಬೀಳುವ ಎತ್ತರವಿಲ್ಲ, ತುಕ್ಕಿನ ಕಾಟವಿಲ್ಲ. ತಗಡಿನದ್ದೇ ಮಾಡುವುದಾದರೆ ಉತ್ತರಕ್ಕೆ ಮುಖ ಮಾಡಿಸಿ, ಬಿಸಿಲಿಗೆ ದಕ್ಷಿಣದ ತಗಡು ಕಾವಲಿಯೇ. ಒಂದು ಮರ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಅಂಕೋಲೆಯ ಹೊನ್ನಳ್ಳಿಯಲ್ಲಿ ತುಳಸಿ ಗೌಡರು ಬೆಳೆಸಿದಷ್ಟು ಮರ ಬೇಕಿಲ್ಲ, ಎರಡು ಹೊಂಗೆ ಸಾಕು.

ಯಾರನ್ನು ಹಿಡಿಯಬೇಕು? ಮೊದಲು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ, ಆಟದ ಸಾಮಾನು ಎರಡೂ ಇವೆ, ಆದ್ದರಿಂದ ಭಿಕ್ಷೆ ಕೇಳುವ ದನಿಯಲ್ಲಿ ಕೇಳಬೇಕಾಗಿಲ್ಲ. ನಗರಸಭೆಯೋ ಗ್ರಾಮ ಪಂಚಾಯಿತಿಯೋ, ಶಾಲೆ ಯಾರ ವ್ಯಾಪ್ತಿಯಲ್ಲಿದೆಯೋ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಉದ್ಯೋಗ ಖಾತರಿಯ ಕೆಲಸದಲ್ಲಿ ರಾಜ್ಯದ ಎಷ್ಟೋ ಹಳ್ಳಿ ಶಾಲೆಗಳಿಗೆ ಕಾಂಪೌಂಡ್, ಆಟದ ಅಂಗಳ ಆಗಿವೆ. ಕೈ ಬೇಕಾದರೆ ಎನ್‌ಎಸ್‌ಎಸ್ ಇದೆ. 1969ರಲ್ಲಿ ಗಾಂಧಿ ಶತಮಾನೋತ್ಸವದ ವರ್ಷ ಹುಟ್ಟಿದ್ದು, ಎರಡು ವರ್ಷದಲ್ಲಿ 240 ತಾಸು ಸೇವೆ, ಜತೆಗೆ ಏಳು ದಿನದ ವಿಶೇಷ ಶಿಬಿರ. ಪ್ರತಿ ಕಾಲೇಜೂ ಶಿಬಿರಕ್ಕೆ ಒಂದು ಊರು ಹುಡುಕುತ್ತಿರುತ್ತದೆ. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜನ್ನೇ ನೋಡಿ, ಅದನ್ನು ಕಟ್ಟಿದ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ 1953ರಿಂದ ಈ ಜಿಲ್ಲೆಯಲ್ಲಿ ಶಾಲೆ ಕಟ್ಟುತ್ತಲೇ ಬಂದಿದೆ, ಹೊರಗಿನಿಂದ ಯಾರೂ ಬಂದು ಕಲಿಸಬೇಕಾಗಿರಲಿಲ್ಲ. ಎನ್‌ಎಸ್‌ಎಸ್ ಹುಡುಗರಿಗೂ ಉಗಾಂಡಾಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಹೇಳುವ ಕೆಲಸವನ್ನೇ ಹೇಳಿ: ಗುಂಡಿ, ಬಣ್ಣ, ಮಕ್ಕಳ ಜತೆ ಮಾತು. ಬೆಸುಗೆ ಊರಿನ ವೆಲ್ಡಿಂಗ್ ಅಂಗಡಿಯವನದು, ಕೂಲಿ ಕೊಟ್ಟೇ ಮಾಡಿಸಿ. ಪುಕ್ಕಟೆ ಮಾಡಿಸಿದ ಕೆಲಸಕ್ಕೆ ಮುಂದಿನ ವರ್ಷ ಅವನನ್ನು ಕರೆಯುವ ಮುಖ ನಿಮಗಿರುವುದಿಲ್ಲ.

ಅರ್ಗಾದ ಕಡಲ ದಂಡೆ ನೌಕಾನೆಲೆಯ ಬೇಲಿಯೊಳಗೆ ಹೋದ ಮೇಲೆ ನಿಮ್ಮ ಕಡೆಯ ಮಕ್ಕಳಿಗೆ ಓಡಾಡುವ ಜಾಗ ಕಡಿಮೆಯಾಗಿದೆ. ಹಾಗಾಗಿ ಶಾಲೆಯ ಅಂಗಳ ರಜೆಯಲ್ಲೂ ಸಂಜೆಯೂ ತೆರೆದಿರುತ್ತದೆಯೇ ಎಂಬುದನ್ನು ಗುಂಡಿ ತೋಡುವ ಮೊದಲೇ ಮುಖ್ಯೋಪಾಧ್ಯಾಯರ ಜತೆ ಮಾತಾಡಿ ನಿರ್ಧರಿಸಿ. ಬೀಗ ಹಾಕಿದ ಜೋಕಾಲಿಯನ್ನು ಗೇಟಿನ ಸಂದಿಯಿಂದ ನೋಡುವ ಮಕ್ಕಳನ್ನು ನಾವು ಎಷ್ಟು ಊರಲ್ಲಿ ಕಂಡಿಲ್ಲ!

ಹುಡುಗಿ ಉಗಾಂಡಾಕ್ಕೆ ಹೋಗಲಿ. ಹೊರಡುವ ಮೊದಲು ತನ್ನನ್ನು ಕರೆದೊಯ್ಯುವ ಸಂಸ್ಥೆಗೆ ಒಂದು ಕಾಗದ ಬರೆದು ಕೇಳಲಿ: ಐದು ವರ್ಷದ ಹಿಂದೆ ಕಟ್ಟಿದ ಅಂಗಳಗಳ ಇಂದಿನ ಫೋಟೋ ಇದೆಯೇ, ಮುರಿದರೆ ರಿಪೇರಿ ಮಾಡುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು, ಈ ಶಾಲೆ ಜೋಕಾಲಿ ಬೇಕೆಂದು ತಾನೇ ಕೇಳಿತೇ. ನೇರ ಉತ್ತರ ಬಂದರೆ ನಿಶ್ಚಿಂತೆಯಿಂದ ಹೋಗಬಹುದು. ಉದ್ಘಾಟನೆಯ ದಿನದ ನಗುವ ಮಕ್ಕಳ ಫೋಟೋ ಮಾತ್ರ ಬಂದರೆ ಬೇರೆ ಸಂಸ್ಥೆ ಹುಡುಕಲಿ. ಅಲ್ಲಿನ ಕೆಲಸಗಾರರು ಟಯರು ಕೊಯ್ಯುವುದು, ಪೈಪು ಹೂಳುವುದು ಹೇಗೆಂದು ನೋಡಿಕೊಂಡು, ಅಳತೆ ಬರೆದುಕೊಂಡು ಬರಲಿ. ವಿಕ್ಟೋರಿಯಾ ಸರೋವರದ ದಂಡೆಯಲ್ಲೂ ಮಳೆ ಜೋರು, ಕಲಿಯುವುದು ಇರುತ್ತದೆ.

ಬಿಣಗಾದ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿದರೆ ಕಾಂಕ್ರೀಟು ಚೆನ್ನಾಗಿ ಬಲಿಯುತ್ತದೆ, ಕ್ರಿಸ್‌ಮಸ್ ರಜೆಗೆ ಅವಳು ಬಂದರೆ ಬಣ್ಣಕ್ಕೆ ಸಿಗುತ್ತಾಳೆ. ಒಂದು ಪಾನಾ, ಗ್ರೀಸಿನ ಡಬ್ಬಿ, ನಾಲ್ಕು ಬಿಡಿ ಕೊಂಡಿ, ಒಂದು ಲೀಟರ್ ಜಿಂಕ್ ಬಣ್ಣ, ಇಷ್ಟನ್ನು ಶಾಲೆಯ ಕಪಾಟಿನಲ್ಲಿ ಇಡಿಸಿ. ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ ಏಣಿ ಹತ್ತಿ ನೋಡುವವರ ಹೆಸರನ್ನು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ. ಯಾರೂ ಮುಂದೆ ಬರದಿದ್ದರೆ ನಿಮ್ಮ ಹೆಸರನ್ನೇ ಬರೆಸಿ.